ಉದ್ದಿನ ಬೇಳೆ, ಗಾಳಿಪಟ, ಶೇರ್ವಾನಿ: ಒಬ್ಬ ವರದಿಗಾರ ಬರೆದ ಚರಿತ್ರೆ

1856ರ ಫೆಬ್ರವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವಧ್ ರಾಜ್ಯವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ದೊರೆ ವಾಜಿದ್ ಅಲಿ ಷಾ ಗದ್ದುಗೆ ಕಳೆದುಕೊಂಡು ಕಲ್ಕತ್ತೆಯ ದಾರಿ ಹಿಡಿದ. ಇಷ್ಟನ್ನು ಶಾಲೆಯ ಪಠ್ಯಪುಸ್ತಕಗಳೂ ಹೇಳುತ್ತವೆ. ಕಂಪನಿ ಹೊರಿಸಿದ ಆರೋಪಗಳು, ರೆಸಿಡೆಂಟನ ಪತ್ರಗಳು, ಗವರ್ನರ್ ಜನರಲ್‌ನ ಆದೇಶ ಎಲ್ಲವೂ ಕಡತಗಳಲ್ಲಿ ಭದ್ರವಾಗಿವೆ. ಆದರೆ ಆ ರಾಜಧಾನಿ ಲಖನೌದಲ್ಲಿ ರೊಟ್ಟಿ ಸುಡುತ್ತಿದ್ದವನು, ಅಂಗರಖಾ ಹೊಲಿಯುತ್ತಿದ್ದವನು, ಗಾಳಿಪಟದ ದಾರಕ್ಕೆ ಮಾಂಜಾ ಹಚ್ಚುತ್ತಿದ್ದವನು ಯಾರು? ಅವರ ಕಸುಬು ಹೇಗಿತ್ತು? ಹೀಗೆ ಕೇಳಲು ಚರಿತ್ರೆ ಬರೆಯುವವರಿಗೆ ಪುರುಸೊತ್ತಿರಲಿಲ್ಲ. ಕೇಳಿದವರು ಒಬ್ಬ ಮಾಜಿ ಪತ್ರಿಕಾ ವರದಿಗಾರರು. ಅವರ ಹೆಸರು ಮೌಲವಿ ಅಬ್ದುಲ್ ಹಲೀಂ ಶರರ್.

ಶರರ್ ಎಂಬುದು ಕಾವ್ಯನಾಮ. ಆ ಪದಕ್ಕೆ ಕಿಡಿ ಎಂದರ್ಥ. ಉರ್ದು ಶಾಲೆಯಲ್ಲಿ ಓದಿದವರಿಗೆ ಅವರು ಚಾರಿತ್ರಿಕ ಕಾದಂಬರಿಗಳ ಶರರ್. ಕುದುರೆ, ಖಡ್ಗ, ಕೋಟೆ, ಪ್ರೇಮ ತುಂಬಿದ ಕಥೆಗಳ ಶರರ್. ಪರೀಕ್ಷೆಯಲ್ಲಿ ಉತ್ತರ ಬರೆಯಲು ಅಷ್ಟು ಸಾಕಿತ್ತು. ಅವರ ಇನ್ನೊಂದು ಕೆಲಸ, ಅಂದರೆ ಒಂದು ನಗರದ ಅಡುಗೆಮನೆ, ದರ್ಜಿಯ ಅಂಗಡಿ, ಹುಕ್ಕಾ, ಎಲೆಯಡಿಕೆ ಇವುಗಳನ್ನೆಲ್ಲ ಕೂತು ಬರೆದಿಟ್ಟ ಕೆಲಸ, ಅದರ ತೂಕ ಏನೆಂದು ತಿಳಿಯಲು ಬಹಳ ಕಾಲ ಬೇಕಾಯಿತು.

ಶರರ್ ಹುಟ್ಟಿದ್ದು 1860ರಲ್ಲಿ, ಲಖನೌದಲ್ಲಿ. ಅವರು ಕಣ್ಣು ಬಿಡುವ ಹೊತ್ತಿಗೆ ದೊರೆ ಹೋಗಿ ನಾಲ್ಕು ವರ್ಷ ಕಳೆದಿತ್ತು. 1857ರ ದಂಗೆಯೂ ಮುಗಿದು, ನಗರದ ಎಷ್ಟೋ ಭಾಗ ನೆಲಸಮವಾಗಿತ್ತು. ಅಂದರೆ ಯಾವ ಲಖನೌವನ್ನು ಅವರು ಮುಂದೆ ವರ್ಣಿಸಿದರೋ ಅದನ್ನು ಅವರು ಕಂಡವರೇ ಅಲ್ಲ. ಆದರೆ ಅದರ ನೆರಳನ್ನು ಕಂಡಿದ್ದರು. ವಾಜಿದ್ ಅಲಿ ಷಾ ಕಲ್ಕತ್ತೆಯ ಹೊರವಲಯದ ಮಟಿಯಾ ಬುರ್ಜ್‌ನಲ್ಲಿ ಒಂದು ಪುಟ್ಟ ಲಖನೌವನ್ನೇ ಕಟ್ಟಿಕೊಂಡಿದ್ದ. ಹಕೀಮರು, ಗವಾಯಿಗಳು, ಬಾವರ್ಚಿಗಳು, ಪಾರಿವಾಳ ಸಾಕುವವರು ಎಲ್ಲರೂ ಅವನ ಬೆನ್ನ ಹಿಂದೆ ಹೋಗಿ ಅಲ್ಲಿ ನೆಲೆಸಿದ್ದರು. ಶರರ್ ಅವರ ತಂದೆ ಹಕೀಮ್ ತಫಜ್ಜುಲ್ ಹುಸೇನ್ ಅವರಿಗೂ ಅಲ್ಲಿಯೇ ನೌಕರಿ. 1869ರ ಸುಮಾರಿಗೆ, ಒಂಬತ್ತು ವರ್ಷದ ಹುಡುಗ ಶರರ್ ತಂದೆಯ ಬಳಿ ಹೋಗಿ ಸೇರಿದರು. ಪಟ್ಟವಿಲ್ಲದ ದೊರೆಯ ಆಸ್ಥಾನದಲ್ಲಿ, ಹಳೆಯ ದಿನಗಳ ಮಾತನ್ನೇ ಉಂಡು ಉಸಿರಾಡುವ ಹಿರಿಯರ ನಡುವೆ ಅವರ ಬಾಲ್ಯ ಕಳೆಯಿತು. ದೊಡ್ಡವರ ಹರಟೆ ಕೇಳುವ ಹುಡುಗನಿಗೆ ಅದಕ್ಕಿಂತ ದೊಡ್ಡ ಮದರಸಾ ಬೇಕಿರಲಿಲ್ಲ.

ಹದಿಹರೆಯ ಮುಗಿಯುವ ಹೊತ್ತಿಗೆ ಲಖನೌಗೆ ಮರಳಿ, ಫಿರಂಗಿ ಮಹಲಿನ ವಿದ್ವಾಂಸರಲ್ಲಿ ಪಾಠ ಹೇಳಿಸಿಕೊಂಡು, ದಿಲ್ಲಿಗೆ ಹೋಗಿ ಹದೀಸ್ ಕಲಿತು ಬಂದರು. ಇಷ್ಟು ಓದಿದವರು ಮಸೀದಿಯ ಮಿಂಬರ್ ಏರಬಹುದಿತ್ತು. ಶರರ್ ಹೋದದ್ದು ಪತ್ರಿಕಾ ಕಚೇರಿಗೆ. 1880ರ ಸುಮಾರಿಗೆ ‘ಅವಧ್ ಅಖ್ಬಾರ್’ ಪತ್ರಿಕೆಯಲ್ಲಿ ಸಹಾಯಕ ಸಂಪಾದಕರಾದರು. ಆ ಪತ್ರಿಕೆಯ ಮಾಲೀಕರು ಮುನ್ಷಿ ನವಲ್ ಕಿಶೋರ್. ಅವರದೇ ಮುದ್ರಣಾಲಯದಲ್ಲಿ ಕುರ್‌ಆನ್ ಕೂಡ ಬಹಳ ಅದಬಿನಿಂದ ಅಚ್ಚಾಗುತ್ತಿತ್ತು. ಶರರ್ ಬರುವ ಮುಂಚೆ ಅಲ್ಲಿ ಸಂಪಾದಕರಾಗಿದ್ದವರು ಪಂಡಿತ್ ರತನ್ ನಾಥ್ ಸರ್‌ಶಾರ್. ಉರ್ದುವಿನ ಮಹಾಕಥನ ‘ಫಸಾನಾ ಎ ಆಜಾದ್’ ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಹರಿದು ಬಂದಿತ್ತು. ಮಾಲೀಕ ಹಿಂದೂ, ಸಂಪಾದಕ ಕಾಶ್ಮೀರಿ ಪಂಡಿತ, ಬರೆಯುವ ಮೌಲವಿ ಮುಸಲ್ಮಾನ. ಭಾಷೆ ಎಲ್ಲರದೂ ಒಂದೇ. ಅಂದಿನ ಲಖನೌದಲ್ಲಿ ಇದನ್ನು ಯಾರೂ ವಿಶೇಷವೆಂದು ಎತ್ತಿ ಹೇಳುತ್ತಿರಲಿಲ್ಲ.

ಪತ್ರಿಕೆ ಅವರನ್ನು ತನ್ನ ವಿಶೇಷ ಬಾತ್ಮೀದಾರರನ್ನಾಗಿ ನಿಜಾಮರ ಹೈದರಾಬಾದಿಗೆ ಕಳಿಸಿತು. ಅಲ್ಲಿಂದ ವರದಿಗಳನ್ನು ಬರೆಯುತ್ತ ಕೆಲವು ಕಾಲ ಇದ್ದರು. ಕೊನೆಗೆ ನೌಕರಿಗೆ ರಾಜೀನಾಮೆ ಕೊಟ್ಟು ಲಖನೌಗೆ ಹಿಂದಿರುಗಿದರು. ವಯಸ್ಸು ಇಪ್ಪತ್ತೈದರ ಆಸುಪಾಸು. ಸಂಬಳ ನಿಂತಿತು. ಕೈಯಲ್ಲಿ ಉಳಿದದ್ದು ಲೇಖನಿ ಮತ್ತು ವರದಿಗಾರನ ಕಣ್ಣು.

ಅಲ್ಲಿಂದ ಮುಂದೆ ಅವರು ಬದುಕಿದ ರೀತಿಯನ್ನು ಈಗಿನವರು ಹವ್ಯಾಸಿ ಪತ್ರಕರ್ತರ ಬದುಕು ಎನ್ನುತ್ತಾರೆ. ಅದರಲ್ಲಿ ಹವ್ಯಾಸಕ್ಕಿಂತ ಹೊಟ್ಟೆಪಾಡೇ ಹೆಚ್ಚು. ಕಾದಂಬರಿ ಬರೆದರು, ಅನುವಾದ ಮಾಡಿದರು. ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಇಂಗ್ಲಿಷಿನ ಮೂಲಕ ಉರ್ದುವಿಗೆ ತಂದರು. 1880ರ ಅದೇ ದಶಕದಲ್ಲಿ ನಮ್ಮ ಬಿ. ವೆಂಕಟಾಚಾರ್ಯರು ಅದೇ ಕಾದಂಬರಿಯನ್ನು ಬಂಗಾಳಿಯಿಂದ ಕನ್ನಡಕ್ಕೆ ತಂದಿದ್ದನ್ನು ಇಲ್ಲಿ ನೆನೆಯಬಹುದು. ಎರಡು ಊರುಗಳಲ್ಲಿ ಇಬ್ಬರು, ಒಬ್ಬರ ಸುದ್ದಿ ಇನ್ನೊಬ್ಬರಿಗಿಲ್ಲದೆ, ತಮ್ಮ ತಮ್ಮ ಓದುಗರಿಗೆ ಕಾದಂಬರಿ ಎಂಬ ಹೊಸ ರುಚಿ ಹತ್ತಿಸುತ್ತಿದ್ದರು.

1887ರಲ್ಲಿ ಶರರ್ ‘ದಿಲ್‌ಗುದಾಜ್’ ಎಂಬ ತಮ್ಮದೇ ಮಾಸಪತ್ರಿಕೆ ಆರಂಭಿಸಿದರು. ಹೃದಯ ಕರಗಿಸುವಂಥದು ಎಂದು ಆ ಹೆಸರಿನ ಅರ್ಥ. ಆ ಪತ್ರಿಕೆ ನಡುನಡುವೆ ನಿಂತಿತು, ಮತ್ತೆ ಎದ್ದಿತು. 1926ರಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನು ಬಿಡಲಿಲ್ಲ. ಮಾಸಪತ್ರಿಕೆ ನಡೆಸಿದವರಿಗೆ ಅದರ ಕಷ್ಟ ಗೊತ್ತು. ಚಂದಾದಾರರು ಹಣ ಕಳಿಸಲು ಮರೆಯಬಹುದು, ತಿಂಗಳು ಮಾತ್ರ ಬರಲು ಮರೆಯುವುದಿಲ್ಲ. ಪುಟ ತುಂಬಬೇಕು. ಬರೆಯುವವರು ಕೈಕೊಟ್ಟರೆ ಸಂಪಾದಕನೇ ಬರೆಯಬೇಕು. ಶರರ್ ಚರಿತ್ರೆ ಬರೆದರು, ಜೀವನಚರಿತ್ರೆ ಬರೆದರು, ಸಮಾಜದ ಕಟ್ಟುಪಾಡುಗಳ ಬಗ್ಗೆ ಬರೆದರು. ಎಲ್ಲ ವಿಷಯಕ್ಕೂ ಕೈ ಹಾಕುತ್ತಾರೆ ಎಂದು ಪಂಡಿತರು ಮೂಗು ಮುರಿಯುವ ಬಗೆಯ ಬರಹಗಾರರು ಅವರು.

1888ರಲ್ಲಿ ಇದೇ ಪತ್ರಿಕೆಯಲ್ಲಿ ‘ಮಲಿಕುಲ್ ಅಜೀಜ್ ವರ್ಜಿನಾ’ ಧಾರಾವಾಹಿಯಾಗಿ ಬಂತು. ಉರ್ದುವಿನ ಮೊದಲ ಚಾರಿತ್ರಿಕ ಕಾದಂಬರಿ ಎಂದು ಅದನ್ನು ಗುರುತಿಸುತ್ತಾರೆ. ಧರ್ಮಯುದ್ಧಗಳ ಕಾಲವನ್ನು ಕುರಿತ ಸರ್ ವಾಲ್ಟರ್ ಸ್ಕಾಟನ ‘ಟ್ಯಾಲಿಸ್‌ಮನ್’ ಓದಿದ ಶರರ್ ಅವರಿಗೆ, ಅದರಲ್ಲಿ ಮುಸಲ್ಮಾನರನ್ನು ಚಿತ್ರಿಸಿದ ರೀತಿ ಸರಿ ಕಾಣಲಿಲ್ಲ. ಅದಕ್ಕೆ ಉತ್ತರವೆಂಬಂತೆ ಈ ಕಾದಂಬರಿ. ಓದುಗರು ಮುಗಿಬಿದ್ದು ಓದಿದರು. ಅಲ್ಲಿಂದ ಒಂದರ ಹಿಂದೆ ಒಂದು ಬಂದವು. 1899ರ ‘ಫಿರ್ದೌಸ್ ಎ ಬರೀನ್’ ಅವುಗಳಲ್ಲಿ ಗಟ್ಟಿಯಾದದ್ದು. ಆಳುವವರ ಮುಂದೆ ತಲೆ ತಗ್ಗಿಸಿ ನಿಂತಿದ್ದ ಒಂದು ಸಮುದಾಯಕ್ಕೆ ಹಳೆಯ ಗೆಲುವಿನ ಕಥೆ ಬೇಕಿತ್ತು. ಶರರ್ ಅದನ್ನು ಒದಗಿಸಿದರು. ಅದು ಅವರಿಗೂ ಅನ್ನ ಕೊಟ್ಟಿತು.

ಅವರು ಸುಮ್ಮನೆ ಓದುಗರ ಬೆನ್ನು ತಟ್ಟುವವರಾಗಿದ್ದರೆ ಅಷ್ಟಕ್ಕೇ ನಿಲ್ಲುತ್ತಿದ್ದರು. 1890ರ ದಶಕದಲ್ಲಿ ಹೈದರಾಬಾದಿನ ನವಾಬ ವಿಕಾರ್ ಉಲ್ ಉಮರಾ ಅವರ ಮಗನಿಗೆ ಗುರುವಾಗಿ ಇಂಗ್ಲೆಂಡಿಗೆ ಹೋಗಿಬಂದರು. ಬಂದ ಮೇಲೆ 1900ರಲ್ಲಿ ‘ಪರ್ದಾ ಎ ಇಸ್ಮತ್’ ಎಂಬ ಪತ್ರಿಕೆ ಹೊರಡಿಸಿದರು. ನಮ್ಮ ಹೆಂಗಸರನ್ನು ಮನೆಯ ನಾಲ್ಕು ಗೋಡೆಗಳ ನಡುವೆ ಕೂಡಿಹಾಕುವ ಪದ್ಧತಿ ಹಿಂದೂಸ್ತಾನದ ರೂಢಿಯೇ ಹೊರತು ಶರೀಅತ್ತಿನ ಅಪ್ಪಣೆಯಲ್ಲ ಎಂದು ಅದರಲ್ಲಿ ವಾದ ಮಾಡಿದರು. ಬೈಗುಳ ಧಾರಾಳವಾಗಿ ಬಂತು. ಹದೀಸ್ ಕಲಿತ ಮೌಲವಿಯೇ ಹೀಗೆ ಬರೆದದ್ದು ಹಲವರಿಗೆ ನುಂಗಲಾರದ ತುತ್ತಾಯಿತು. ಪರದೆ ತರುವ ಪಾಡನ್ನು ಕುರಿತು ಅವರು ಕಥೆಯನ್ನೂ ಬರೆದರು. ಗೆಲುವಿನ ಕಥೆ ಕೊಟ್ಟ ಕೈಯಲ್ಲೇ ಕನ್ನಡಿಯನ್ನೂ ಹಿಡಿದರು.

ಇಂಥವರು 1913ರಲ್ಲಿ ‘ದಿಲ್‌ಗುದಾಜ್’ ಪುಟಗಳಲ್ಲಿ ಹೊಸ ಲೇಖನಮಾಲೆಯೊಂದನ್ನು ಆರಂಭಿಸಿದರು. ಹಿಂದೂಸ್ತಾನದಲ್ಲಿ ಪೂರ್ವದೇಶದ ನಾಗರಿಕತೆಯ ಕೊನೆಯ ಮಾದರಿ ಎಂಬುದು ಅದರ ಶೀರ್ಷಿಕೆಯ ಅರ್ಥ. ಹಲವು ವರ್ಷ ಸಾಗಿದ ಆ ಬರಹಗಳೇ ಮುಂದೆ ‘ಗುಜಿಷ್ತಾ ಲಖನೌ’ ಎಂಬ ಹೆಸರಿನಿಂದ ಪ್ರಸಿದ್ಧವಾದವು. ಗತಿಸಿದ ಲಖನೌ ಎಂದು ಕನ್ನಡದಲ್ಲಿ ಹೇಳಬಹುದು.

ಮೊದಲ ಕೆಲವು ಕಂತುಗಳಲ್ಲಿ ನವಾಬರ ವಂಶಾವಳಿ, ಯುದ್ಧ, ಒಪ್ಪಂದ ಎಲ್ಲ ಇವೆ. ಅದು ಮುಗಿಯುತ್ತಲೇ ಶರರ್ ಅರಮನೆಯ ಹಿಂದಿನ ಬಾಗಿಲಿನಿಂದ ಹೊರಬಂದು ಊರೊಳಗೆ ನಡೆಯತೊಡಗುತ್ತಾರೆ. ಕವಿಗಳು, ಹಕೀಮರು, ಕಾತಿಬರು, ಕೋಲುವರಸೆಯ ಉಸ್ತಾದರು, ಕಥಕ್ ಕುಣಿಯುವವರು, ಕೋಳಿ ಅಂಕದವರು, ಮಣ್ಣಿನ ಗೊಂಬೆ ಮಾಡುವವರು, ಅತ್ತರಿನವರು. ಟೋಪಿಗೆ ಒಂದು ಅಧ್ಯಾಯ, ಪಾದರಕ್ಷೆಗೆ ಇನ್ನೊಂದು, ಎಲೆಯಡಿಕೆಯ ತಟ್ಟೆಗೆ ಮತ್ತೊಂದು. ಮನೆಗೆ ಬಂದವರನ್ನು ಹೇಗೆ ಎದ್ದು ಬರಮಾಡಿಕೊಳ್ಳಬೇಕು ಎಂಬುದಕ್ಕೂ ಜಾಗವಿದೆ. ಯಾವ ವಸ್ತು ಎಲ್ಲಿಂದ ಬಂತು, ಯಾರು ಬದಲಿಸಿದರು, ಏಕೆ ಬದಲಾಯಿತು, ಎಷ್ಟು ಖರ್ಚಾಗುತ್ತಿತ್ತು ಎಂದು ಕೇಳುತ್ತಾರೆ. ಇವು ವರದಿಗಾರ ಕೇಳುವ ಪ್ರಶ್ನೆಗಳು.

ಅಡುಗೆಯ ಅಧ್ಯಾಯವನ್ನೇ ನೋಡಿ. ಅಡುಗೆಯವರು ಎಂಬ ಒಂದೇ ಮಾತಿಗೆ ಅವರು ತೃಪ್ತರಾಗುವುದಿಲ್ಲ. ಪಾತ್ರೆ ತೊಳೆಯುವವರು ಬೇರೆ, ದೊಡ್ಡ ದೇಗಿನಲ್ಲಿ ಬೇಯಿಸುವ ಬಾವರ್ಚಿಗಳು ಬೇರೆ, ಸಣ್ಣ ಪಾತ್ರೆಯಲ್ಲಿ ನಾಜೂಕಿನ ಪದಾರ್ಥ ಮಾಡುವ ರಕಾಬ್‌ದಾರರು ಬೇರೆ ಎಂದು ಬಿಡಿಸಿ ಹೇಳುತ್ತಾರೆ. ರಕಾಬ್‌ದಾರರು ದೊಡ್ಡ ದೇಗಿಗೆ ಕೈ ಹಾಕುವುದನ್ನು ತಮ್ಮ ಮಾನಕ್ಕೆ ಕಡಿಮೆ ಎಂದು ತಿಳಿಯುತ್ತಿದ್ದರಂತೆ. ನವಾಬ ಶುಜಾ ಉದ್ದೌಲಾನ ಮುಖ್ಯ ಅಡುಗೆಮನೆಯ ಖರ್ಚು ದಿನಕ್ಕೆ 2000 ರೂಪಾಯಿ ಎಂದು ಲೆಕ್ಕ ಕೊಡುತ್ತಾರೆ. ಶೀರ್‌ಮಾಲ್ ಎಂಬ ಕೇಸರಿ ಬಣ್ಣದ ರೊಟ್ಟಿಯನ್ನು ಮೊದಲು ಮಾಡಿದವನು ಯಾವ ರಾಜಕುಮಾರನೂ ಅಲ್ಲ. ಹೊರಗಿನಿಂದ ಬಂದು ಫಿರಂಗಿ ಮಹಲಿನ ಬಳಿ ನಿಹಾರಿ ಅಂಗಡಿ ಇಟ್ಟಿದ್ದ ಮಹಮ್ಮದೂ ಎಂಬವನು. ಅವನ ಹೆಸರನ್ನು ಶರರ್ ದಾಖಲಿಸಿದ್ದಾರೆ.

ಉದ್ದಿನ ಬೇಳೆಯ ಕಥೆ ಎಲ್ಲಕ್ಕಿಂತ ಸೊಗಸು. ನವಾಬ ಆಸಫ್ ಉದ್ದೌಲಾನ ಬಳಿ ಬಂದ ಒಬ್ಬ ಅಡುಗೆಯವನು ತಾನು ಉದ್ದಿನ ಬೇಳೆಯ ದಾಲ್ ಒಂದನ್ನೇ ಮಾಡುವವನು ಎಂದ. ತಿಂಗಳಿಗೆ 500 ರೂಪಾಯಿ ಸಂಬಳ ಕೇಳಿದ. ಜೊತೆಗೆ ಶರತ್ತು ಹಾಕಿದ: ದಾಲ್ ಬೇಕಾದರೆ ಒಂದು ದಿನ ಮುಂಚೆ ಹೇಳಬೇಕು, ಸಿದ್ಧವಾಯಿತು ಎಂದ ಕೂಡಲೇ ಬಂದು ಉಣ್ಣಬೇಕು. ನವಾಬ ಒಪ್ಪಿದ. ಕೆಲವು ತಿಂಗಳ ಮೇಲೆ ದಾಲ್ ಮಾಡಲು ಅಪ್ಪಣೆಯಾಯಿತು. ಸಿದ್ಧವಾಯಿತೆಂದು ಹೇಳಿ ಕಳಿಸಿದ. ನವಾಬ ಮಾತಿನಲ್ಲಿ ಮುಳುಗಿದ್ದ. ಎರಡನೆಯ ಸಲ ಹೇಳಿದ, ಮೂರನೆಯ ಸಲ ಹೇಳಿದ, ಆದರೂ ನವಾಬ ಏಳಲಿಲ್ಲ. ಅಡುಗೆಯವನು ದಾಲನ್ನು ಒಂದು ಒಣಮರದ ಬುಡಕ್ಕೆ ಸುರಿದು ಹೊರಟುಹೋದ. ನವಾಬ ಆಮೇಲೆ ಹುಡುಕಿಸಿದ, ಸಿಗಲಿಲ್ಲ. ಆ ಮರ ಚಿಗುರಿತು ಎಂದು ಜನ ಹೇಳುತ್ತಿದ್ದರಂತೆ. ಮರ ಚಿಗುರಿದ್ದನ್ನು ನಾವು ನಂಬಬೇಕಿಲ್ಲ. ಆದರೆ ಕೈಕಸುಬಿನವನೊಬ್ಬ ತನ್ನ ಕೆಲಸದ ಮರ್ಯಾದೆಗಾಗಿ ದೊರೆಯ ನೌಕರಿಯನ್ನು ಒದ್ದು ಹೋದ ಕಥೆಯನ್ನು ಒಂದು ಊರು ತಲೆಮಾರುಗಳ ಕಾಲ ಹೇಳಿಕೊಂಡಿತು. ಆ ಊರಿನ ಮನಸ್ಸು ಅರಿಯಲು ಇದು ಸಾಲದೆ?

ಉಡುಪಿನ ಅಧ್ಯಾಯದಲ್ಲಿ ಕಥೆಗಿಂತ ವಿವರ ಹೆಚ್ಚು. ಹಳೆಯ ಜಾಮಾ ಮತ್ತು ಬಾಲಾಬರ್ ಸೇರಿ ಅಂಗರಖಾ ಆಯಿತು. ಅದರಿಂದ ಚಪಕನ್, ಚಪಕನ್‌ನಿಂದ ಅಚ್ಕನ್. ಅಚ್ಕನ್ ಹೈದರಾಬಾದಿಗೆ ಹೋಗಿ, ಇಂಗ್ಲಿಷರ ಕೋಟಿನ ಸಹವಾಸದಲ್ಲಿ ಶೇರ್ವಾನಿಯಾಗಿ, ಮತ್ತೆ ಲಖನೌಗೆ ಬಂತು. ಹೈದರಾಬಾದಿನಲ್ಲಿ ಇದ್ದು ಬಂದ ಮನುಷ್ಯನಿಗೆ ಮಾತ್ರ ಸಿಗುವ ಸುದ್ದಿ ಇದು. ನಿಜಾಮರ ರಾಜ್ಯಕ್ಕೆ ಸೇರಿದ್ದ ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಶೇರ್ವಾನಿ ಚೆನ್ನಾಗಿ ಗೊತ್ತು. ಅಲ್ಲಿಯ ಹಳೆಯ ಫೋಟೋಗಳಲ್ಲಿ ವಕೀಲರು, ಮೇಷ್ಟ್ರು, ದೇಸಾಯರು, ಹಿಂದೂ ಮುಸಲ್ಮಾನ ಎನ್ನದೆ ಕುತ್ತಿಗೆವರೆಗೆ ಗುಂಡಿ ಹಾಕಿ ನಿಂತಿರುತ್ತಾರೆ. ಇಂದು ಶೇರ್ವಾನಿಯನ್ನು ಕಂಡರೆ ಒಂದು ಕೋಮಿನ ಉಡುಪು ಎನ್ನುವವರಿದ್ದಾರೆ. ಅದರ ಹೊಲಿಗೆಯಲ್ಲಿ ಮೊಗಲರ ಜಾಮಾ ಇದೆ, ಲಖನೌ ದರ್ಜಿಯ ಕತ್ತರಿ ಇದೆ, ಇಂಗ್ಲಿಷರ ಕೋಟೂ ಇದೆ. ಅದನ್ನು ಯಾರು ಬಿಚ್ಚಿ ಬೇರೆ ಮಾಡುವುದು?

ಮೋಜಿನ ಅಧ್ಯಾಯಗಳಲ್ಲಿ ಶರರ್ ಏನನ್ನೂ ಮುಚ್ಚಿಡುವುದಿಲ್ಲ. ಆಸಫ್ ಉದ್ದೌಲಾನ ಗಾಳಿಪಟಕ್ಕೆ ಐದು ರೂಪಾಯಿ ಬೆಲೆಯ ಚಿನ್ನ ಬೆಳ್ಳಿಯ ಕುಚ್ಚು ಇರುತ್ತಿತ್ತು, ಹಾರಿಹೋದ ಪಟ ಹಿಡಿದವನಿಗೆ ಅದು ದಕ್ಕುತ್ತಿತ್ತು ಎಂದು ಬರೆದ ಅವರೇ, ಎರಡು ಪಾರಿವಾಳಗಳ ಒಂದೊಂದು ರೆಕ್ಕೆ ಕತ್ತರಿಸಿ ಎರಡನ್ನೂ ಸೇರಿಸಿ ಹೊಲಿದು ಜೋಡಿಹಕ್ಕಿ ಮಾಡಿ ದೊರೆಗೆ ತೋರಿಸಿದವನ ಸುದ್ದಿಯನ್ನೂ ಬರೆಯುತ್ತಾರೆ. ಕುಶಲತೆ ಎಲ್ಲಿಯವರೆಗೆ ಹೋಗಿ ಕ್ರೌರ್ಯವಾಯಿತು ಎಂಬುದು ಓದುವವನಿಗೆ ತಾನಾಗಿ ಹೊಳೆಯುತ್ತದೆ. ಘಾಜಿ ಉದ್ದೀನ್ ಹೈದರನ ಪರಾಠಾ ಪ್ರಸಂಗವೂ ಅಂಥದೇ. ಆರು ಪರಾಠಾಗಳಿಗೆ ಅಡುಗೆಯವನು ದಿನಕ್ಕೆ 30 ಸೇರು ತುಪ್ಪ ತೆಗೆದುಕೊಳ್ಳುತ್ತಿದ್ದ. ಮಂತ್ರಿ ಆಗಾ ಮೀರ್ ಇದನ್ನು ಪ್ರಶ್ನಿಸಿ, ಪರಾಠಾ ಒಂದಕ್ಕೆ ಒಂದು ಸೇರಿಗೆ ಇಳಿಸಿದ. ರುಚಿ ಕೆಟ್ಟದ್ದನ್ನು ಕಂಡ ದೊರೆ ಕಾರಣ ತಿಳಿದು ಮಂತ್ರಿಯ ಕೆನ್ನೆಗೇ ಹೊಡೆದ. ರಾಜ್ಯವನ್ನೇ ದೋಚುವ ನೀನು ನನ್ನ ತುಪ್ಪದ ಲೆಕ್ಕ ಕೇಳುತ್ತೀಯಾ ಎಂಬುದು ದೊರೆಯ ಸಿಟ್ಟು.

ಈ ಒಂದು ಪ್ರಸಂಗ ಇಡೀ ಪುಸ್ತಕದ ಒಳಗುಟ್ಟು. ಅವಧನ್ನು ನುಂಗಿದ ಕಂಪನಿ ಹೇಳಿದ ನೆಪ ದುರಾಡಳಿತ. ಅದಕ್ಕೆ ಕುಣಿತ, ಗಾಳಿಪಟ, ಕೋಳಿ ಅಂಕಗಳೇ ಸಾಕ್ಷಿ. ನಮ್ಮ ಸುಧಾರಕರೂ ಬಹಳಮಟ್ಟಿಗೆ ಅದನ್ನೇ ಹೇಳಿದರು. 1870ರಿಂದ ಸರ್ ಸೈಯದ್ ಅಹ್ಮದ್ ಖಾನರು ‘ತಹಜೀಬುಲ್ ಅಖ್ಲಾಖ್’ ಮೂಲಕ ವಿದ್ಯೆ, ಶಿಸ್ತು ಎಂದು ಕೂಗಿ ಹೇಳಿದರು. 1879ರಲ್ಲಿ ಹಾಲಿ ತಮ್ಮ ‘ಮುಸದ್ದಸ್’ ಕಾವ್ಯದಲ್ಲಿ ಸಮುದಾಯದ ಪತನಕ್ಕೆ ಕಣ್ಣೀರಿಟ್ಟರು. ಅವರ ಸಂಕಟ ನಿಜವಾದದ್ದೇ. ಆದರೆ ಆ ಅವಸರದಲ್ಲಿ ನವಾಬರ ಸೋಮಾರಿತನದ ಜೊತೆಗೆ ದರ್ಜಿಯ ದುಡಿಮೆಯೂ ಕಸದ ಬುಟ್ಟಿಗೆ ಹೋಯಿತು. ಶರರ್ ಎರಡನ್ನೂ ಬೇರೆ ಮಾಡಿ ನೋಡಿದರು. 30 ಸೇರು ತುಪ್ಪ ಸುರಿಸಿಕೊಂಡ ದೊರೆಯೂ ಪುಸ್ತಕದಲ್ಲಿದ್ದಾನೆ, ರುಚಿಯನ್ನೇ ಬದುಕಾಗಿಸಿಕೊಂಡ ಅಡುಗೆಯವನೂ ಇದ್ದಾನೆ. ತೀರ್ಪು ಓದುಗನಿಗೆ ಬಿಟ್ಟದ್ದು.

ಮುದ್ರಣದ ಭಾಗದಲ್ಲಿ ಅವರ ಸ್ವಂತ ಕಸುಬಿನ ಬಿಸಿ ತಾಕುತ್ತದೆ. ಉರ್ದು ಅಚ್ಚಾಗುತ್ತಿದ್ದುದು ಕಲ್ಲಿನ ಮೇಲೆ. ಕಾತಿಬನು ಕಾಗದದ ಮೇಲೆ ಬರೆದದ್ದನ್ನು ಕಲ್ಲಿಗೆ ಇಳಿಸಿದಾಗ ಅಕ್ಷರಗಳೆಲ್ಲ ತಿರುಗುಮುರುಗು. ಆ ತಿರುಗಿದ ಅಕ್ಷರಗಳನ್ನು ಕಲ್ಲಿನ ಮೇಲೆಯೇ ಕೆರೆದು, ತಿದ್ದಿ, ಅಂದಗೊಳಿಸುವ ಕುಶಲಿಗರು ಲಖನೌದಲ್ಲಿದ್ದರು. ಪತ್ರಿಕಾ ಕಚೇರಿಯಲ್ಲಿ ಬೆಳೆದ ಶರರ್ ಅವರನ್ನು ಕವಿಗಳ ಸಾಲಿನಲ್ಲಿಯೇ ತಂದು ಕೂರಿಸುತ್ತಾರೆ. ಕವಿಯ ಹೆಸರು ಪುಸ್ತಕದ ಮೇಲಿರುತ್ತದೆ. ಕಲ್ಲು ತಿದ್ದಿದವನದು ಎಲ್ಲಿರುತ್ತದೆ?

ಶರರ್ ಹೋದ ಮೇಲೆ ಒಂದು ವಿಚಿತ್ರ ನಡೆಯಿತು. ಅವರಿಗೆ ಹೆಸರು, ಹಣ ತಂದಿದ್ದ ಖಡ್ಗದ ಕಾದಂಬರಿಗಳು ನಿಧಾನವಾಗಿ ಕಪಾಟಿನ ಹಿಂದೆ ಸರಿದವು. ತಿಂಗಳ ಪುಟ ತುಂಬಲು ಬರೆದ ಅಡುಗೆ, ಉಡುಪು, ಗಾಳಿಪಟದ ಲೇಖನಗಳು ಮುಂದೆ ಬಂದವು. 1975ರಲ್ಲಿ ಅವು ಇಂಗ್ಲಿಷಿಗೆ ಹೋದವು. 1977ರಲ್ಲಿ ಸತ್ಯಜಿತ್ ರೇ ‘ಶತರಂಜ್ ಕೆ ಖಿಲಾಡಿ’ ತೆಗೆದಾಗ, ಕಥೆ ಪ್ರೇಮಚಂದರದು, ಆದರೆ ಆ ಕಾಲದ ಲಖನೌವನ್ನು ಅರಿಯಲು ಅವರು ಆಶ್ರಯಿಸಿದ ಪುಸ್ತಕಗಳಲ್ಲಿ ಶರರ್ ಅವರದೂ ಒಂದು. ಗೆದ್ದ ಯುದ್ಧಗಳ ಕಥೆ ಹೆಮ್ಮೆ ಕೊಟ್ಟಿತು. ಆ ಜನ ಹೇಗೆ ಬದುಕಿದ್ದರು ಎಂದು ಜಗತ್ತಿಗೆ ತಿಳಿಸಿಕೊಟ್ಟದ್ದು ಬೇಳೆ, ಗುಂಡಿ, ದಾರಗಳ ಕಥೆ.

ಈ ಪುಸ್ತಕದಲ್ಲಿ ಕೊರತೆ ಇಲ್ಲವೆಂದಲ್ಲ. ಶರರ್ ಹೆಚ್ಚಾಗಿ ನಡೆದಾಡಿದ್ದು ಉಳ್ಳವರ ಹಜಾರದಲ್ಲಿ. ಬಟ್ಟೆಯ ಮೇಲೆ ಕಸೂತಿ ಹಾಕಿ ಕಣ್ಣು ಕಳೆದುಕೊಂಡ ಹೆಂಗಸರ ಕೂಲಿಯ ಲೆಕ್ಕ, ಹೊಗೆಯಲ್ಲಿ ಬೆಂದವರ ಮನೆಯ ಒಲೆಯ ಸುದ್ದಿ ಅಷ್ಟಾಗಿ ಸಿಗುವುದಿಲ್ಲ. ಇನ್ನು ಕೊನೆಯ ಮಾದರಿ ಎಂಬ ಶೀರ್ಷಿಕೆ ಆಸ್ಥಾನಕ್ಕೆ ಸರಿ, ಕಸುಬಿಗೆ ಸರಿಯಲ್ಲ. ಲಖನೌದ ತಂದೂರುಗಳಲ್ಲಿ ಇಂದಿಗೂ ಶೀರ್‌ಮಾಲ್ ಬೇಯುತ್ತದೆ. ಚಿಕನ್ ಕಸೂತಿಯ ಕುರ್ತಾಗಳು ನಮ್ಮ ಬೆಂಗಳೂರಿನ ಅಂಗಡಿಗಳಿಗೂ ಬರುತ್ತವೆ. ಕಿರೀಟ ಹೋಯಿತು, ಕೈ ಉಳಿಯಿತು.

ಮುಸಲ್ಮಾನರ ಚರಿತ್ರೆ ಎಂದೊಡನೆ ನಮ್ಮ ನಾಡಿನಲ್ಲಿಯೂ ಮಾತು ಕತ್ತಿಯ ಕಡೆಗೇ ಓಡುತ್ತದೆ. ಒಬ್ಬರು ಕತ್ತಿ ಹಿಡಿದವನನ್ನು ಹೊಗಳುತ್ತಾರೆ, ಇನ್ನೊಬ್ಬರು ತೆಗಳುತ್ತಾರೆ. ಹೊಗಳುವವರಿಗೂ ತೆಗಳುವವರಿಗೂ ಹತ್ತಿ ಹಿಂಜಿದ ಪಿಂಜಾರ ಬೇಕಾಗಿಲ್ಲ. ಸಂತೆಯಲ್ಲಿ ಕೂತು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿದವನು, ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಹಳ್ಳಿ ತಿರುಗಿದವನು, ಮೊಹರಮ್ಮಿಗೆ ತಾಬೂತು ಕಟ್ಟಿದವನು ಯಾವ ವಾದಕ್ಕೂ ಒದಗುವುದಿಲ್ಲ. ಬೀದರಿನ ಕೋಟೆಯ ಮಣ್ಣಿನಿಂದ ಕಪ್ಪೇರಿದ ಬಿದರಿ ಹೂಜಿಗಳು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳ ಮೇಲೆ ಬೆಳ್ಳಿಯ ಬಳ್ಳಿ ಬಿಡಿಸಿದವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಕಲಾಯಿಯವನು ನವಸಾಗರ ಎರಚಿ, ತವರ ಸವರಿ, ಅರಿವೆಯಿಂದ ಒರೆಸಿ ಪಾತ್ರೆಯನ್ನು ಬೆಳ್ಳಿಯಂತೆ ಮಾಡುತ್ತಿದ್ದುದನ್ನು ಬಲ್ಲವರು ಇನ್ನೂ ನಮ್ಮ ಓಣಿಗಳಲ್ಲಿ ಇದ್ದಾರೆ. ಸ್ಟೀಲು ಪಾತ್ರೆ ಬಂದ ಮೇಲೆ ಅವರ ಕುಲುಮೆ ತಣ್ಣಗಾಗಿದೆ, ನೆನಪು ತಣ್ಣಗಾಗಿಲ್ಲ.

ಶರರ್ ತಮ್ಮ ಲೇಖನಮಾಲೆ ಆರಂಭಿಸಿದಾಗ ಅವಧ್ ಬಿದ್ದು 57 ವರ್ಷ ಕಳೆದಿತ್ತು. ಕಂಡವರು ಬಹುಮಂದಿ ಮಣ್ಣಾಗಿದ್ದರು. ಆದರೂ ಕಂಡವರಿಂದ ಕೇಳಿದವರು ಉಳಿದಿದ್ದರು, ಕೇಳಿ ಬರೆದುಕೊಳ್ಳಲು ಒಬ್ಬ ಮಾಜಿ ವರದಿಗಾರರಿದ್ದರು, ಅಚ್ಚು ಹಾಕಲು ಒಂದು ಸಣ್ಣ ಮಾಸಪತ್ರಿಕೆಯೂ ಇತ್ತು. ನಮ್ಮಲ್ಲಿ ಮಾಸಪತ್ರಿಕೆಗಳಿವೆ, ಬರೆಯಬಲ್ಲ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಅವರು ಮೊದಲು ಹೋಗಬೇಕಾದದ್ದು ಕೋಟೆಗೆ ಅಲ್ಲ. ಓಣಿಯ ಕೊನೆಯ ಮನೆಯಲ್ಲಿ ಕೆಮ್ಮುತ್ತ ಕೂತಿರುವ ಆ ಮುದುಕರ ಬಳಿಗೆ.